ಪುರಾತನ ಅಂತರ್ಜಲದ ವಯಸ್ಸನ್ನು ಕಂಡುಹಿಡಿಯುವ ಕ್ರಮ
ಈಜಿಪ್ಟಿನ ಮರುಭೂಮಿಯ ಬಾವಿಗಳ ದೃಷ್ಟಾಂತ

ವ್ಯವಸಾಯಕ್ಕೆ ನೀರೇ ಮೂಲಾಧಾರವೆಂಬುದನ್ನು ಯಾವ ಜಮೀನುದಾರನಿಗೂ ಹೊಸದಾಗಿ ಹೇಳಬೇಕಾದುದಿಲ್ಲ. ಕೆರೆಯಲ್ಲಿ ಎಷ್ಟು ನೀರು ನಿಂತಿದೆಯೆಂಬುದು ತೂಬಿನ ಕಲ್ಲನ್ನು ನೋಡಿದರೆ ಗೊತ್ತಾಗುತ್ತದೆ. ಅದು ಯಾವ ವರ್ಷದ ಮಳೆಯಿಂದ ಬಂದುದೆಂಬುದೂ ಊರಿನವರೆಲ್ಲರಿಗೆ ತಿಳಿದೇ ಇರುತ್ತದೆ. ಆದರೆ ನೆಲದೊಳಗಿನ ನೀರಿನ ವಿಷಯದಲ್ಲಿ ಈ ಎರಡು ಪ್ರಶ್ನೆಗಳಿಗೂ ಕಣ್ಣಿನ ನೋಟದಿಂದ ಉತ್ತರ ದೊರೆಯುವಂತಿಲ್ಲ. ಎರಡು ಬಾವಿಗಳ ನೀರು ರುಚಿಯಲ್ಲಿಯೂ ಬಣ್ಣದಲ್ಲಿಯೂ ಪ್ರಮಾಣದಲ್ಲಿಯೂ ಒಂದೇ ಸಮನಾಗಿರಬಹುದು. ಅವುಗಳಲ್ಲಿ ಒಂದರ ನೀರು ಹೋದ ವರ್ಷದ ಮುಂಗಾರಿನದಾಗಿರಬಹುದು. ಮತ್ತೊಂದರದು ಈಗಿನ ಮಾನವಜಾತಿಯು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೂ ಹಿಂದೆ ಬಿದ್ದ ಮಳೆಯದಾಗಿರಬಹುದು. ಮೊದಲನೆಯ ಬಾವಿಯ ಒಡೆಯನು ವರ್ಷದ ಹುಟ್ಟುವಳಿಯನ್ನು ಅನುಭವಿಸುತ್ತಿರುವವನು. ಎರಡನೆಯವನಾದರೋ ಪೂರ್ವಿಕರು ತುಂಬಿಟ್ಟುಹೋದ ಹಗೇವಿನ ಬಾಯನ್ನು ತೆಗೆದು ಧಾನ್ಯವನ್ನು ತೋಡುತ್ತಿರುವವನು. ಇಬ್ಬರ ಲೆಕ್ಕವೂ ಒಂದೇ ಎಂದು ಭಾವಿಸಿ ಬೇಸಾಯ ಮಾಡಿದರೆ ಎರಡನೆಯವನ ಸಂತತಿಗೆ ಬರುವ ಕಷ್ಟವು ಅಲ್ಪವಾದುದಲ್ಲ.

ಆದಕಾರಣ ನೆಲದ ನೀರಿನ ವಯಸ್ಸನ್ನು ನಿರ್ಣಯಿಸುವ ವಿದ್ಯೆಯು ಕೇವಲ ವಿದ್ವಾಂಸರ ಕುತೂಹಲಕ್ಕೆ ಸೇರಿದುದಲ್ಲ. ಅದರಲ್ಲಿ ಅತ್ಯಂತ ಪುರಾತನವಾದ ನೀರಿಗೆ ಉಪಯೋಗಿಸುವ ಒಂದು ಕ್ರಮವನ್ನೂ, ಅದರಿಂದ ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ತಿಳಿದುಬಂದ ಸಂಗತಿಗಳನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಮರುಭೂಮಿಯಲ್ಲಿ ನೀರು

ನೈಲ್ ನದಿಯ ಪಶ್ಚಿಮಕ್ಕೆ ಹರಡಿರುವ ಮರುಭೂಮಿಯು ಪ್ರಪಂಚದ ಅತ್ಯಂತ ಶುಷ್ಕವಾದ ಪ್ರದೇಶಗಳಲ್ಲೊಂದು. ಅಲ್ಲಿ ಅನೇಕ ವರ್ಷಗಳು ಕಳೆದರೂ ಒಂದು ಹದಮಳೆಯು ಸಹ ಬೀಳುವುದಿಲ್ಲ. ಹೀಗಿದ್ದರೂ ಆ ಮರಳಿನ ನಡುವೆ ಖಾರ್ಗಾ, ದಖ್ಲಾ, ಫರಾಫ್ರಾ, ಬಹರಿಯಾ ಎಂಬ ತಗ್ಗು ಪ್ರದೇಶಗಳಲ್ಲಿ ಊರುಗಳಿವೆ, ಖರ್ಜೂರದ ತೋಪುಗಳಿವೆ, ಗೋಧಿಯ ಹೊಲಗಳೂ ಮೇವಿನ ಹೊಲಗಳೂ ಇವೆ. ಇಂಥ ಸ್ಥಳಗಳಿಗೆ ಓಯಸಿಸ್ ಎಂದು ಹೆಸರು. ಇವೆಲ್ಲವೂ ನೆಲದೊಳಗಿನ ನೀರನ್ನೇ ನಂಬಿ ಬದುಕುತ್ತಿರುವುವು.

ಈ ನೀರಾವರಿಯು ಈಚಿನದಲ್ಲ. ಖಾರ್ಗಾದ ದಕ್ಷಿಣಕ್ಕಿರುವ ಐನ್ ಮನಾವೀರ್ ಎಂಬಲ್ಲಿ ಪಾರಸಿಕರ ಆಳ್ವಿಕೆಯ ಕಾಲದಲ್ಲಿ, ಎಂದರೆ ಕ್ರಿಸ್ತಪೂರ್ವ ೫ನೆಯ ಶತಮಾನದಲ್ಲಿ, ನೆಲದಡಿಯ ಕಾಲುವೆಗಳಿಂದ ನೀರನ್ನು ತಂದು ಬೆಳೆ ತೆಗೆಯುತ್ತಿದ್ದರು. ಬೀದರಿನಲ್ಲಿ ಕಾರೇಜ್ ಎಂದು ಕರೆಯುವ ನೆಲಗಾಲುವೆಗಳು ಇದೇ ಜಾತಿಯವು. ಅನೇಕ ಕಡೆಗಳಲ್ಲಿ ನೀರು ತಾನಾಗಿಯೇ ನೆಲದ ಮೇಲಕ್ಕೆ ಉಕ್ಕಿ ಬರುತ್ತಿದ್ದುದರಿಂದ ಎತ್ತುವ ಶ್ರಮವೂ ಇರಲಿಲ್ಲ.

ಈ ನೀರು ನಿಂತಿರುವುದು ಮರಳುಗಲ್ಲಿನ ಪದರಗಳಲ್ಲಿ. ಮರಳುಗಲ್ಲು ಸಣ್ಣ ಸಣ್ಣ ರಂಧ್ರಗಳುಳ್ಳ ಬಂಡೆಯಾದುದರಿಂದ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೂಬಿಯ ಮರಳುಗಲ್ಲಿನ ಜಲಾಶಯವೆಂದು ಹೆಸರಾದ ಈ ಪದರವು ಈಜಿಪ್ಟ್, ಲಿಬಿಯ, ಸೂಡಾನ್, ಚಾಡ್ ಎಂಬ ನಾಲ್ಕು ದೇಶಗಳ ಕೆಳಗೆ ಸುಮಾರು ೨೦ ಲಕ್ಷ ಚದರ ಕಿಲೋಮೀಟರುಗಳಿಗೂ ಮೇಲ್ಪಟ್ಟು ಹರಡಿದೆ. ಅದರಲ್ಲಿರುವ ನೀರು ಒಂದೂವರೆ ಲಕ್ಷ ಘನ ಕಿಲೋಮೀಟರುಗಳಿಗೆ ಕಡಿಮೆಯಿಲ್ಲವೆಂದು ತಜ್ಞರು ಅಂದಾಜು ಮಾಡಿರುವರು.

ಇಷ್ಟು ದೊಡ್ಡ ನಿಧಿಯನ್ನು ಕಂಡ ಸರ್ಕಾರಗಳು ಸುಮ್ಮನಿರಲಿಲ್ಲ. ೧೯೫೦ರ ದಶಕದ ಕೊನೆಯಲ್ಲಿ ಈಜಿಪ್ಟಿನ ಸರ್ಕಾರವು ಈ ಓಯಸಿಸ್‌ಗಳನ್ನೆಲ್ಲ ಒಟ್ಟುಗೂಡಿಸಿ, ನೈಲಿನ ಕಣಿವೆಗೆ ಜೊತೆಯಾಗಿ ಒಂದು ‘ಹೊಸ ಕಣಿವೆ’ಯನ್ನೇ ನಿರ್ಮಿಸುವೆವೆಂದು ಸಂಕಲ್ಪಿಸಿ ಆಳವಾದ ಕೊಳವೆಬಾವಿಗಳನ್ನು ಕೊರೆಯಿಸಿತು. ಲಿಬಿಯದವರು ೧೯೮೪ರಲ್ಲಿ ‘ಮಹಾ ಮಾನವನಿರ್ಮಿತ ನದಿ’ ಎಂಬ ಕೆಲಸವನ್ನು ಆರಂಭಿಸಿದರು. ಮರುಭೂಮಿಯ ಬಾವಿಗಳ ನೀರನ್ನು ದೊಡ್ಡ ಕೊಳವೆಗಳ ಮೂಲಕ ಸಮುದ್ರತೀರದ ನಗರಗಳಿಗೂ ಹೊಲಗಳಿಗೂ ಸಾಗಿಸುವುದೇ ಇದರ ಉದ್ದೇಶ. ಇತ್ತ ಖಾರ್ಗಾದಲ್ಲಿ ಮೊದಲು ತಾವಾಗಿಯೇ ಉಕ್ಕುತ್ತಿದ್ದ ಬಾವಿಗಳಲ್ಲಿ ಅನೇಕವು ಕೆಲವು ದಶಕಗಳೊಳಗಾಗಿ ಒತ್ತಡ ಕುಂದಿ ನಿಂತುಹೋದುವು. ಅವುಗಳಿಗೆ ಪಂಪುಗಳನ್ನು ಜೋಡಿಸಬೇಕಾಯಿತು. ಆಗ ಎಲ್ಲರ ಮುಂದೆಯೂ ನಿಂತ ಪ್ರಶ್ನೆಯೇನೆಂದರೆ—ಈ ನೀರು ಎಲ್ಲಿಂದ ಬಂದುದು, ಯಾವಾಗ ಬಂದುದು, ತೆಗೆದಷ್ಟು ಮತ್ತೆ ಬರುತ್ತದೆಯೇ?

ಹಿಂದಿನ ಊಹೆಗಳು

ಈ ಪ್ರಶ್ನೆಗೆ ಹಲವರು ಹಲವು ವಿಧವಾಗಿ ಉತ್ತರ ಹೇಳುತ್ತಿದ್ದರು. ನೈಲ್ ನದಿಯ ನೀರೇ ನೆಲದೊಳಗಿನಿಂದ ಜಿನುಗಿ ಬರುತ್ತಿರಬಹುದೆಂಬುದು ಒಂದು ಪಕ್ಷ. ೧೯೨೭ರಲ್ಲಿ ಜಾನ್ ಬಾಲ್ ಎಂಬ ಭೂಶಾಸ್ತ್ರಜ್ಞರು ಬಾವಿಗಳ ನೀರಿನ ಮಟ್ಟಗಳನ್ನು ಹೋಲಿಸಿ ನೋಡಿ, ನೀರು ನೈರುತ್ಯ ದಿಕ್ಕಿನಿಂದ ಈಶಾನ್ಯಕ್ಕೆ ಹರಿಯುತ್ತಿದೆಯೆಂದೂ, ದಕ್ಷಿಣದ ಮಳೆಬೀಳುವ ಎತ್ತರದ ಸೀಮೆಯೇ ಅದರ ಮೂಲವೆಂದೂ ಅಭಿಪ್ರಾಯಪಟ್ಟರು. ಈ ಪಕ್ಷವನ್ನು ಒಪ್ಪಿದವರಲ್ಲಿ ಕೆಲವರು, ದೂರದಲ್ಲಿ ಈಗಲೂ ಬೀಳುತ್ತಿರುವ ಮಳೆಯು ಬಾವಿಗಳನ್ನು ತುಂಬುತ್ತಲೇ ಇರುವುದೆಂದು ಸಮಾಧಾನಪಟ್ಟುಕೊಳ್ಳಲು ಅವಕಾಶವಿದ್ದಿತು.

೧೯೬೦ರ ದಶಕದಿಂದ ಈಚೆಗೆ ಇಂಗಾಲ-೧೪ ಎಂಬ ವಸ್ತುವಿನ ಸಹಾಯದಿಂದ ಈ ನೀರಿನ ವಯಸ್ಸನ್ನು ಅಳೆದು ನೋಡಿದರು. ಸಾಮಾನ್ಯವಾಗಿ ಇಪ್ಪತ್ತು ಸಾವಿರದಿಂದ ನಲವತ್ತು ಸಾವಿರ ವರ್ಷಗಳೆಂದು ಫಲ ಬಂದಿತು. ಆದರೆ ಈ ಅಳತೆಗೋಲು ಅಷ್ಟು ದೂರಕ್ಕೆ ಭದ್ರವಾದುದಲ್ಲ. ಇಂಗಾಲ-೧೪ರ ಪರಮಾಣುಗಳು ೫,೭೩೦ ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುವುವಾದುದರಿಂದ ಸುಮಾರು ನಲವತ್ತು ಐವತ್ತು ಸಾವಿರ ವರ್ಷಗಳ ತರುವಾಯ ಅಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಇಷ್ಟೇ ಅಲ್ಲದೆ, ಅತಿ ಪುರಾತನವಾದ ನೀರಿನೊಂದಿಗೆ ನೂರರಲ್ಲಿ ಒಂದು ಪಾಲಿನಷ್ಟು ಹೊಸ ಇಂಗಾಲವು ಹೇಗಾದರೂ ಸೇರಿಕೊಂಡರೆ, ಲೆಕ್ಕದಲ್ಲಿ ಆ ನೀರಿನ ವಯಸ್ಸು ಸುಮಾರು ಮೂವತ್ತೆಂಟು ಸಾವಿರ ವರ್ಷಗಳೆಂದೇ ಬರುತ್ತದೆ. ನಿಜವಾದ ವಯಸ್ಸು ಒಂದು ಲಕ್ಷವಾಗಿರಲಿ, ಹತ್ತು ಲಕ್ಷವಾಗಿರಲಿ, ಉತ್ತರವು ಮಾತ್ರ ಬದಲಾಗುವುದಿಲ್ಲ. ಮೊಳಗೋಲಿನಿಂದ ಹರದಾರಿಯನ್ನು ಅಳೆಯಹೋದಂತೆ ಆಗುತ್ತದೆ. ಆದಕಾರಣ ಇದಕ್ಕಿಂತ ಉದ್ದವಾದ ಮತ್ತೊಂದು ಅಳತೆಗೋಲು ಬೇಕಾಗಿದ್ದಿತು.

ಕ್ರಿಪ್ಟಾನ್ ಎಂಬ ವಾಯು

ಆ ಅಳತೆಗೋಲು ಗಾಳಿಯಲ್ಲಿಯೇ ದೊರಕಿತು. ಸುತ್ತಲಿನ ಗಾಳಿಯಲ್ಲಿ ಕ್ರಿಪ್ಟಾನ್ ಎಂಬ ಒಂದು ವಾಯು ಅತ್ಯಲ್ಪ ಪ್ರಮಾಣದಲ್ಲಿ ಬೆರೆತುಕೊಂಡಿದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ಒಂದು ಪಾಲು ಮಾತ್ರ. ಇದನ್ನು ೧೮೯೮ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಎಂಬ ರಸಾಯನಶಾಸ್ತ್ರಜ್ಞರು ಲಂಡನ್ನಿನಲ್ಲಿ ಕಂಡುಹಿಡಿದು, ಗುಪ್ತವಾದುದು ಎಂಬ ಅರ್ಥವುಳ್ಳ ಗ್ರೀಕ್ ಹೆಸರನ್ನಿಟ್ಟರು. ಈ ವಾಯುವಿನ ವಿಶೇಷ ಗುಣವೇನೆಂದರೆ, ಇದು ಸಾಮಾನ್ಯವಾಗಿ ಯಾವ ವಸ್ತುವಿನೊಂದಿಗೂ ಸಂಯೋಗ ಹೊಂದುವುದಿಲ್ಲ. ಸುಣ್ಣಕಲ್ಲು, ಉಪ್ಪು, ಮಣ್ಣು, ಬೇರು ಇವುಗಳಲ್ಲಿ ಯಾವುದನ್ನು ಹಾದುಬಂದರೂ ತನ್ನಷ್ಟಕ್ಕೆ ತಾನು ಇರುತ್ತದೆ. ಇಂಗಾಲಕ್ಕೆ ಈ ಗುಣವಿಲ್ಲದಿರುವುದೇ ಹಿಂದೆ ಹೇಳಿದ ತೊಡಕಿಗೆ ಒಂದು ಮುಖ್ಯ ಕಾರಣ.

ಒಂದೇ ಧಾತುವಿನ ಪರಮಾಣುಗಳಲ್ಲಿ ಭಾರದ ವ್ಯತ್ಯಾಸವುಳ್ಳ ಬಗೆಗಳಿರುತ್ತವೆ. ಅವುಗಳಿಗೆ ಐಸೋಟೋಪುಗಳೆಂದು ಹೆಸರು. ಕ್ರಿಪ್ಟಾನಿನ ಬಗೆಗಳಲ್ಲಿ ಬಹುಪಾಲು ಎಂದೆಂದಿಗೂ ಇದ್ದಂತೆಯೇ ಇರುವುವು. ಆದರೆ ಕ್ರಿಪ್ಟಾನ್-೮೧ ಎಂಬ ಬಗೆಯು ವಿಕಿರಣಶೀಲವಾದುದು. ಎಂದರೆ ಅದರ ಪರಮಾಣುಗಳು ಒಂದೊಂದಾಗಿ ಮಾರ್ಪಟ್ಟು ಬ್ರೋಮೀನ್ ಎಂಬ ಬೇರೆ ಧಾತುವಾಗುತ್ತ ಕ್ಷಯಿಸುವುವು. ಆಕಾಶದ ಆಳದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಭಾಗದಲ್ಲಿ ಸಾಮಾನ್ಯ ಕ್ರಿಪ್ಟಾನಿಗೆ ತಗಲಿ ಈ ಬಗೆಯನ್ನು ಉಂಟುಮಾಡುತ್ತಲೇ ಇರುವುದರಿಂದ, ಗಾಳಿಯಲ್ಲಿ ಅದರ ಪ್ರಮಾಣವು ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ. ಆ ಪ್ರಮಾಣವಾದರೋ ಊಹೆಗೂ ಮೀರಿದ ಅಲ್ಪವಾದುದು. ಒಂದು ಲಕ್ಷ ಕೋಟಿ ಕ್ರಿಪ್ಟಾನ್ ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಈ ಬಗೆಯದು.

ಮಳೆಯ ನೀರು ಗಾಳಿಯನ್ನು ಕರಗಿಸಿಕೊಂಡು ನೆಲಕ್ಕೆ ಇಳಿಯುತ್ತದೆ. ಅದರೊಂದಿಗೆ ಕ್ರಿಪ್ಟಾನ್-೮೧ ಸಹ ಇಳಿಯುತ್ತದೆ. ನೀರು ಹೊರಗಿನ ಗಾಳಿಯ ಸಂಬಂಧವನ್ನು ಕಡಿದುಕೊಂಡು ಆಳದ ಪದರವನ್ನು ಸೇರಿದ ಮೇಲೆ ಹೊಸದಾಗಿ ಕ್ರಿಪ್ಟಾನ್ ಸೇರುವುದಿಲ್ಲ. ಇದ್ದುದು ಮಾತ್ರ ನಿಯಮಿತವಾದ ವೇಗದಿಂದ ಕಡಮೆಯಾಗುತ್ತ ಹೋಗುತ್ತದೆ. ಈ ನಿಯಮವನ್ನು ಜಮೀನಿನ ಹಿಸ್ಸೆಯ ಲೆಕ್ಕಕ್ಕೆ ಹೋಲಿಸಬಹುದು. ತಲೆಮಾರಿಗೊಮ್ಮೆ ಆಸ್ತಿಯು ಎರಡು ಹಿಸ್ಸೆಯಾದರೆ ನೂರು ಎಕರೆಯು ಐವತ್ತಾಗಿ, ಇಪ್ಪತ್ತೈದಾಗಿ, ಹನ್ನೆರಡೂವರೆಯಾಗುತ್ತದೆ. ಒಬ್ಬನ ಕೈಯಲ್ಲಿ ಉಳಿದ ಎಕರೆಗಳನ್ನು ನೋಡಿ ಎಷ್ಟು ತಲೆಮಾರುಗಳು ಕಳೆದುವೆಂದು ಹೇಳಬಹುದು. ಕ್ರಿಪ್ಟಾನ್-೮೧ರ ಒಂದು ‘ತಲೆಮಾರು’ ೨,೨೯,೦೦೦ ವರ್ಷಗಳು. ನೂರು ಪಾಲಿದ್ದುದು ಅಷ್ಟು ಕಾಲದಲ್ಲಿ ಐವತ್ತು ಪಾಲಾಗುತ್ತದೆ. ೪,೫೮,೦೦೦ ವರ್ಷಗಳಿಗೆ ಇಪ್ಪತ್ತೈದು. ೬,೮೭,೦೦೦ ವರ್ಷಗಳಿಗೆ ಹನ್ನೆರಡೂವರೆ. ೯,೧೬,೦೦೦ ವರ್ಷಗಳಿಗೆ ಆರೂಕಾಲು ಪಾಲು ಮಾತ್ರ ಉಳಿಯುತ್ತದೆ. ಆದುದರಿಂದ ಹಲವು ಹತ್ತು ಸಾವಿರ ವರ್ಷಗಳಿಂದ ಹಿಡಿದು ಹತ್ತು ಲಕ್ಷ ವರ್ಷಗಳನ್ನು ಸ್ವಲ್ಪ ಮೀರುವ ಪರ್ಯಂತ ಈ ಅಳತೆಗೋಲು ಸಾಕಾಗುತ್ತದೆ.

ಎಣಿಸುವ ಯಂತ್ರ

ಕ್ರಿಪ್ಟಾನ್-೮೧ ಗಾಳಿಯಲ್ಲಿದೆಯೆಂಬುದನ್ನು ೧೯೬೯ರಲ್ಲಿಯೇ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಿಜ್ಞಾನಿಗಳಾದ ಲೂಸ್ಲಿ ಮತ್ತು ಎಶ್ಗರ್ ಎಂಬುವರು ತೋರಿಸಿಕೊಟ್ಟಿದ್ದರು. ಆದರೆ ಬಾವಿಯ ನೀರಿನಲ್ಲಿ ಅದನ್ನು ಅಳೆಯುವುದು ಬಹುಕಾಲ ಅಸಾಧ್ಯವೆಂಬಂತಿದ್ದಿತು. ಹೊಸದಾಗಿ ಇಂಗಿದ ಒಂದು ಲೀಟರ್ ನೀರಿನಲ್ಲಿ ಇಂಥ ಪರಮಾಣುಗಳು ಸುಮಾರು ಒಂದು ಸಾವಿರ ಮಾತ್ರ. ಅವುಗಳಲ್ಲಿ ಒಂದು ಕ್ಷಯಿಸುವುದನ್ನು ನೋಡಬೇಕಾದರೆ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಕಾದಿರಬೇಕು. ಹೀಗಾಗಿ ಕ್ಷಯಿಸುವುದನ್ನು ಕಾಯುವುದನ್ನು ಬಿಟ್ಟು, ಕ್ಷಯಿಸದೆ ಉಳಿದಿರುವ ಪರಮಾಣುಗಳನ್ನೇ ಎಣಿಸುವ ಉಪಾಯವನ್ನು ಹುಡುಕಬೇಕಾಯಿತು.

ಮೊದಲು ಇದನ್ನು ಸಾಧಿಸಿದ್ದು ಅಮೆರಿಕದ ಮಿಷಿಗನ್ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿದ್ದ ಸೈಕ್ಲೊಟ್ರಾನ್ ಎಂಬ ಭಾರಿ ಯಂತ್ರದಿಂದ. ಆಸ್ಟ್ರೇಲಿಯ ಖಂಡದ ಮಹಾ ಆರ್ಟೀಸಿಯನ್ ಪ್ರದೇಶದ ನಾಲ್ಕು ಬಾವಿಗಳ ನೀರನ್ನು ಅದರಲ್ಲಿ ಪರೀಕ್ಷಿಸಿ, ಆ ನೀರಿನ ವಯಸ್ಸು ಎರಡು ಲಕ್ಷದಿಂದ ನಾಲ್ಕು ಲಕ್ಷ ವರ್ಷಗಳವರೆಗೆ ಇರುವುದೆಂದು ೨೦೦೦ನೆಯ ಇಸವಿಯಲ್ಲಿ ಪ್ರಕಟಿಸಿದರು. ಆದರೆ ಒಂದೊಂದು ಮಾದರಿಗೂ ೧೬ ಟನ್ ನೀರಿನಿಂದ ವಾಯುವನ್ನು ತೆಗೆಯಬೇಕಾಗಿ ಬಂದುದರಿಂದ ಅದು ಎಲ್ಲ ಕಡೆಗಳಲ್ಲಿಯೂ ನಡೆಯತಕ್ಕ ಕೆಲಸವಾಗಿರಲಿಲ್ಲ.

ಇದೇ ಕಾಲದಲ್ಲಿ, ೧೯೯೯ರಲ್ಲಿ, ಷಿಕಾಗೋ ನಗರದ ಸಮೀಪದ ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ಮತ್ತೊಂದು ಕ್ರಮವು ಸಿದ್ಧವಾಯಿತು. ಇದರಲ್ಲಿ ಲೇಸರ್ ಎಂಬ ಒಂದೇ ಬಣ್ಣದ ತೀಕ್ಷ್ಣವಾದ ಬೆಳಕನ್ನು ಉಪಯೋಗಿಸುತ್ತಾರೆ. ಪ್ರತಿಯೊಂದು ಬಗೆಯ ಪರಮಾಣುವೂ ತನಗೆ ತಕ್ಕ ಬೆಳಕಿನ ಬಣ್ಣವನ್ನು ಮಾತ್ರ ಹೀರಿಕೊಳ್ಳುತ್ತದೆ. ಹಟ್ಟಿಯಲ್ಲಿ ನೂರು ಕರುಗಳಿದ್ದರೂ ಒಂದು ಹಸು ಕೂಗಿದರೆ ಅದರ ಕರುವೊಂದೇ ಓಗೊಡುವಂತೆ, ಬೆಳಕಿನ ಬಣ್ಣವನ್ನು ಅತ್ಯಂತ ಸೂಕ್ಷ್ಮವಾಗಿ ಹೊಂದಿಸಿದರೆ ಕ್ರಿಪ್ಟಾನ್-೮೧ ಒಂದೇ ಅದಕ್ಕೆ ಓಗೊಡುತ್ತದೆ. ಉಳಿದ ಕೋಟ್ಯಂತರ ಪರಮಾಣುಗಳು ಹಾದುಹೋಗುವುವು. ಓಗೊಟ್ಟ ಪರಮಾಣುವಿನ ವೇಗವನ್ನು ಎದುರಿನಿಂದ ಬರುವ ಬೆಳಕು ತಗ್ಗಿಸುತ್ತದೆ. ತರುವಾಯ ಆರು ದಿಕ್ಕುಗಳಿಂದ ಕೂಡುವ ಕಿರಣಗಳು ಅದನ್ನು ಸ್ವಲ್ಪ ಕಾಲ ಒಂದೇ ಸ್ಥಳದಲ್ಲಿ ಹಿಡಿದು ನಿಲ್ಲಿಸುವುವು. ಆಗ ಅದು ಒಂದು ಚುಕ್ಕೆಯಂತೆ ಹೊಳೆಯುತ್ತದೆ. ಆ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿ, ಗಾಳಿಯಿಂದ ತೆಗೆದ ಕ್ರಿಪ್ಟಾನಿನ ಎಣಿಕೆಯೊಂದಿಗೆ ಹೋಲಿಸಿದರೆ ನೂರಕ್ಕೆ ಎಷ್ಟು ಪಾಲು ಉಳಿದಿದೆಯೆಂಬುದು ತಿಳಿದುಬರುತ್ತದೆ.

ಈ ಯಂತ್ರವನ್ನು ವರ್ಷವರ್ಷವೂ ಸುಧಾರಿಸಿದುದರಿಂದ ಬೇಕಾಗುವ ನೀರಿನ ಪ್ರಮಾಣವು ಬಹಳ ಇಳಿದಿದೆ. ಮೊದಲು ಟನ್ನುಗಟ್ಟಲೆ ಬೇಕಾಗಿದ್ದ ನೀರು ಈಗ ಹತ್ತು ಇಪ್ಪತ್ತು ಕಿಲೋಗ್ರಾಂಗಳಷ್ಟಿದ್ದರೆ ಸಾಕಾಗುತ್ತದೆ. ಎಂದರೆ ಒಂದೆರಡು ಬಿಂದಿಗೆಗಳಷ್ಟು.

ಬಾವಿಯ ಬಳಿಯಲ್ಲಿ ವಹಿಸುವ ಎಚ್ಚರಿಕೆ

ಮಾದರಿಯನ್ನು ತೆಗೆಯುವಾಗ ಹೊರಗಿನ ಗಾಳಿಯು ಸ್ವಲ್ಪವೂ ಬೆರೆಯಬಾರದು. ಬಾವಿಯ ನೀರನ್ನು ಮುಚ್ಚಿದ ಕೊಳವೆಯಿಂದಲೇ ಗಾಳಿ ತೆಗೆದ ಪಾತ್ರೆಯೊಳಕ್ಕೆ ಹರಿಯಿಸುತ್ತಾರೆ. ಅಲ್ಲಿ ನೀರಿನಲ್ಲಿ ಕರಗಿರುವ ವಾಯುಗಳೆಲ್ಲ ಬಿಡುಗಡೆಯಾಗಿ ಮೇಲೇಳುವುವು. ಅವನ್ನು ಉಕ್ಕಿನ ಉರುಳೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಒಯ್ದು ಕ್ರಿಪ್ಟಾನನ್ನು ಬೇರ್ಪಡಿಸುತ್ತಾರೆ. ನೀರನ್ನು ಹೊತ್ತೊಯ್ಯಬೇಕಾದುದಿಲ್ಲ.

ಗಾಳಿ ಬೆರೆಯಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಹೇಳಲು ಮತ್ತೊಂದು ಬಗೆಯ ಕ್ರಿಪ್ಟಾನ್ ಇದೆ. ಅದು ಕ್ರಿಪ್ಟಾನ್-೮೫. ೧೯೪೦ರ ದಶಕದಿಂದ ಈಚೆಗೆ ಪರಮಾಣುಶಕ್ತಿಯ ಕೆಲಸಗಳಲ್ಲಿ, ಮುಖ್ಯವಾಗಿ ಉಪಯೋಗಿಸಿ ಮುಗಿದ ಇಂಧನವನ್ನು ಸಂಸ್ಕರಿಸುವಲ್ಲಿ, ಇದು ಹೊರಬಿದ್ದು ಗಾಳಿಯನ್ನು ಸೇರಿದೆ. ಸುಮಾರು ಹತ್ತು ವರ್ಷ ಒಂಬತ್ತು ತಿಂಗಳುಗಳಲ್ಲಿ ಇದು ಅರ್ಧಕ್ಕೆ ಇಳಿಯುತ್ತದೆ. ಲಕ್ಷಾಂತರ ವರ್ಷಗಳಿಂದ ನೆಲದೊಳಗಿದ್ದ ನೀರಿನಲ್ಲಿ ಇದು ಕಾಣಿಸತಕ್ಕದ್ದೇ ಅಲ್ಲ. ಕಾಣಿಸಿದರೆ ಮಾದರಿಯು ಕೆಟ್ಟಿದೆಯೆಂದೋ, ಈಚಿನ ನೀರು ಬಾವಿಯಲ್ಲಿ ಬೆರೆಯುತ್ತಿದೆಯೆಂದೋ ನಿಶ್ಚಯಿಸಬಹುದು. ಬೆರಕೆಯ ಪ್ರಮಾಣ ತಿಳಿದರೆ ಅದನ್ನು ಲೆಕ್ಕದಿಂದ ಕಳೆಯುವುದೂ ಸಾಧ್ಯ. ಇಂಗಾಲದ ಕ್ರಮಕ್ಕೆ ಇಲ್ಲದಿದ್ದ ಈ ಸಾಕ್ಷಿಯು ಕ್ರಿಪ್ಟಾನಿನ ಕ್ರಮಕ್ಕೆ ದೊಡ್ಡ ಬಲವಾಗಿದೆ. ಎಳೆಯ ನೀರಿಗೆ ಕ್ರಿಪ್ಟಾನ್-೮೫, ಕೆಲವು ನೂರು ವರ್ಷಗಳ ನೀರಿಗೆ ಆರ್ಗಾನ್-೩೯ ಎಂಬ ಮತ್ತೊಂದು ವಾಯು, ಅತಿ ಪುರಾತನವಾದುದಕ್ಕೆ ಕ್ರಿಪ್ಟಾನ್-೮೧ ಎಂದು ಮೂರು ಅಳತೆಗೋಲುಗಳನ್ನು ಆಯಾ ಸಂದರ್ಭಕ್ಕೆ ತಕ್ಕಂತೆ ಉಪಯೋಗಿಸುತ್ತಾರೆ.

ಕಂಡುಬಂದ ಫಲ

ಈ ಹೊಸ ಕ್ರಮದಿಂದ ಈಜಿಪ್ಟಿನ ಪಶ್ಚಿಮ ಮರುಭೂಮಿಯ ಆರು ಬಾವಿಗಳನ್ನು ಪರೀಕ್ಷಿಸಿ ಅದರ ಫಲವನ್ನು ೨೦೦೪ರಲ್ಲಿ ಪ್ರಕಟಿಸಿದರು. ಅತಿ ಎಳೆಯದಾದ ನೀರಿಗೂ ಸುಮಾರು ಎರಡು ಲಕ್ಷ ವರ್ಷಗಳಾಗಿದ್ದುವು. ಅದು ದಖ್ಲಾ ಸೀಮೆಯದು. ಅತಿ ಹಳೆಯದು ಈಶಾನ್ಯಕ್ಕಿರುವ ಬಹರಿಯಾದ್ದು. ಅದರ ವಯಸ್ಸು ಸುಮಾರು ಹತ್ತು ಲಕ್ಷ ವರ್ಷಗಳು. ಕ್ಲೋರೀನ್-೩೬ ಎಂಬ ಬೇರೊಂದು ವಸ್ತುವಿನಿಂದ ಅಳೆದು ನೋಡಿದಾಗಲೂ ಫಲಗಳು ಪರಸ್ಪರ ಹೊಂದಿಕೊಂಡುವು. ಒಂದೇ ಗಡಿಯನ್ನು ಇಬ್ಬರು ಮೋಜಣಿದಾರರು ಬೇರೆ ಬೇರೆ ಸರಪಣಿಗಳಿಂದ ಅಳೆದು ಒಂದೇ ಲೆಕ್ಕವನ್ನು ತಂದಂತಾಯಿತು.

ನೀರು ನೈರುತ್ಯದಿಂದ ಈಶಾನ್ಯಕ್ಕೆ ಚಲಿಸುತ್ತಿರುವುದೆಂಬ ಹಳೆಯ ಅಭಿಪ್ರಾಯಕ್ಕೆ ಇದರಿಂದ ಬೆಂಬಲ ದೊರೆಯಿತು. ಅದು ಇಂಗಿದ ಸ್ಥಳವು ಈಜಿಪ್ಟಿನ ನೈರುತ್ಯ ಮೂಲೆಯ ಉವೈನಾತ್ ಎಂಬ ಎತ್ತರದ ಸೀಮೆಯ ಸುತ್ತಮುತ್ತ ಎಂದು ಕಂಡುಬಂದಿತು. ಅಲ್ಲಿಂದ ಬಹರಿಯಾಕ್ಕೆ ಸುಮಾರು ಎಂಟುನೂರು ಕಿಲೋಮೀಟರು. ಅಲ್ಲಿಂದಲೇ ಹರಿದುಬಂದುದೆಂದು ಎಣಿಸಿದರೆ ಆ ನೀರಿನ ನಡೆಯು ಸರಾಸರಿಯಲ್ಲಿ ವರ್ಷಕ್ಕೆ ಒಂದು ಮೀಟರಿಗೂ ಕಡಮೆ. ಜಮೀನಿನ ಒಂದು ಬದುವಿನಿಂದ ನೂರು ಮೀಟರು ಆಚೆಯ ಮತ್ತೊಂದು ಬದುವಿಗೆ ಹೋಗಬೇಕಾದರೆ ಅದಕ್ಕೆ ನೂರು ವರ್ಷಗಳಿಗೂ ಹೆಚ್ಚಾಗಿ ಬೇಕು.

ಆ ಮಳೆಯು ಎಂಥದಾಗಿದ್ದಿತೆಂಬುದನ್ನು ಸಹ ನೀರೇ ಹೇಳುತ್ತದೆ. ನೀರಿನಲ್ಲಿರುವ ಜಲಜನಕದಲ್ಲಿ ಭಾರವಾದ ಬಗೆಯೊಂದು ಅಲ್ಪವಾಗಿ ಸೇರಿರುತ್ತದೆ. ಮೋಡಗಳು ಬಹುದೂರ ಮಳೆಗರೆಯುತ್ತ ಬಂದಂತೆಲ್ಲ ಈ ಭಾರವಾದ ಬಗೆಯು ಮೊದಲು ಇಳಿದುಹೋಗಿ ಉಳಿದ ನೀರಿನಲ್ಲಿ ಕಡಮೆಯಾಗುತ್ತದೆ. ಮರುಭೂಮಿಯ ಆಳದ ನೀರಿನಲ್ಲಿ ಅದು ಬಹಳ ಕಡಮೆಯಾಗಿರುವುದರಿಂದ, ಆ ಕಾಲದಲ್ಲಿ ಪಶ್ಚಿಮದ ಅಟ್ಲಾಂಟಿಕ್ ಸಾಗರದ ಮೋಡಗಳು ಆಫ್ರಿಕ ಖಂಡವನ್ನು ಹಾದು ಅಲ್ಲಿಯವರೆಗೆ ಬರುತ್ತಿದ್ದುವೆಂದು ತಿಳಿಯುತ್ತದೆ. ಒಮ್ಮೆ ಮಾತ್ರವಲ್ಲದೆ, ಮಳೆಗಾಲದ ಯುಗಗಳು ಮರಳಿ ಮರಳಿ ಬಂದು ಹೋದುವು. ಅಂಥ ಕೊನೆಯ ಯುಗವು ಮುಗಿದು ಸುಮಾರು ಐದು ಸಾವಿರ ವರ್ಷಗಳಾದುವು. ಆ ಮೋಡಗಳು ಈಗ ಅಲ್ಲಿಗೆ ಬರುವುದಿಲ್ಲ.

ಇವೆಲ್ಲವುಗಳ ತಾತ್ಪರ್ಯವಿಷ್ಟೆ: ಬಹರಿಯಾದ ರೈತನು ತನ್ನ ಖರ್ಜೂರದ ತೋಪಿಗೆ ಹಾಯಿಸುವ ನೀರು ನೈಲ್ ನದಿಯದಲ್ಲ, ದಕ್ಷಿಣದಲ್ಲಿ ಈಗ ಬೀಳುವ ಮಳೆಯದೂ ಅಲ್ಲ. ಅದು ಹಿಂದಿನ ಯುಗಗಳ ಶೇಖರಣೆ. ಅವನ ಬಾವಿಯಲ್ಲಿ ಕಡಮೆಯಾದ ನೀರು ಅವನ ಮಕ್ಕಳ ಕಾಲಕ್ಕಾಗಲಿ, ಮೊಮ್ಮಕ್ಕಳ ಕಾಲಕ್ಕಾಗಲಿ ಮಳೆಯಿಂದ ತುಂಬಿಬರುವಂತಿಲ್ಲ. ಶೇಖರಣೆಯು ಬಹು ದೊಡ್ಡದೆಂಬುದು ನಿಜ. ಆದರೆ ಅದೆಲ್ಲವೂ ಕೈಗೆ ಬರತಕ್ಕದ್ದಲ್ಲ. ಬಾವಿಗಳ ಸುತ್ತಣ ಮಟ್ಟವು ಇಳಿದಂತೆಲ್ಲ ಎತ್ತುವ ವೆಚ್ಚವು ಏರುತ್ತದೆ. ಉತ್ತರದ ಭಾಗದಲ್ಲಿ ಉಪ್ಪುನೀರು ನಿಂತಿದೆ. ನೀರು ಮುಗಿಯುವುದಕ್ಕೆ ಬಹುಕಾಲ ಮೊದಲೇ ರೈತನ ಹಣವು ಮುಗಿಯಬಹುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಇಂಥ ಸ್ಥಳಕ್ಕೆ ತಕ್ಕುದಾಗಿದೆ. ಈ ನೀರಿನ ಪಾಲುದಾರರಾದ ನಾಲ್ಕು ದೇಶಗಳವರು ೨೦೧೩ರಲ್ಲಿ ಒಂದೆಡೆ ಸೇರಿ, ಜಲಾಶಯವನ್ನು ಎಲ್ಲರೂ ಕೂಡಿ ನೋಡಿಕೊಳ್ಳುವ ಕಾರ್ಯಕ್ರಮಕ್ಕೆ ಸಹಿ ಹಾಕಿದುದು ಈ ಅರಿವಿನ ಫಲವೇ ಆಗಿದೆ.

ಆಸ್ಟ್ರೇಲಿಯದ ಜಮೀನುದಾರರು ಮಾಡಿದ ಕೆಲಸ

ಹಳೆಯ ನೀರನ್ನು ಮುಟ್ಟಲೇಬಾರದೆಂದು ಇದರ ಅರ್ಥವಲ್ಲ. ಹೇಗೆ ಮುಟ್ಟಬೇಕೆಂಬುದಕ್ಕೆ ಹಿಂದೆ ಹೇಳಿದ ಆಸ್ಟ್ರೇಲಿಯದ ಪ್ರದೇಶವು ಒಳ್ಳೆಯ ಉದಾಹರಣೆಯಾಗಿದೆ. ಅಲ್ಲಿ ೧೮೭೮ರಿಂದ ದನಕುರಿಗಳ ಸಲುವಾಗಿ ಕೊರೆದ ಸಾವಿರಾರು ಬಾವಿಗಳಿಂದ ನೀರು ತಾನಾಗಿ ಉಕ್ಕಿ, ಹಗಲಿರುಳೂ ತೆರೆದ ಕಾಲುವೆಗಳಲ್ಲಿ ಹರಿದುಹೋಗುತ್ತಿದ್ದಿತು. ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರು ಆವಿಯಾಗಿಯೂ ಇಂಗಿಯೂ ವ್ಯರ್ಥವಾಗುತ್ತಿದ್ದ ಕಾಲುವೆಗಳಿದ್ದುವು. ಇದರಿಂದ ಒತ್ತಡವು ಕುಂದಿ ಸಾವಿರಕ್ಕೂ ಹೆಚ್ಚು ಬಾವಿಗಳು ಉಕ್ಕುವುದನ್ನು ನಿಲ್ಲಿಸಿದುವು.

೧೯೯೯ರಲ್ಲಿ ಅಲ್ಲಿಯ ಸರ್ಕಾರಗಳೂ ಜಮೀನುದಾರರೂ ವೆಚ್ಚವನ್ನು ಹಂಚಿಕೊಂಡು, ಬಾವಿಗಳ ಬಾಯಿಗೆ ಬಿರಡೆ ಹಾಕಿ ತಿರುಪನ್ನು ಜೋಡಿಸುವ ಮತ್ತು ತೆರೆದ ಕಾಲುವೆಗಳಿಗೆ ಬದಲಾಗಿ ಕೊಳವೆಗಳಿಂದ ತೊಟ್ಟಿಗಳಿಗೆ ನೀರು ಒಯ್ಯುವ ಕಾರ್ಯಕ್ರಮವನ್ನು ಆರಂಭಿಸಿದರು. ಕೆಲವು ವರ್ಷಗಳಲ್ಲಿಯೇ ಹಲವು ಕಡೆ ಒತ್ತಡವು ಮತ್ತೆ ಏರಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಒತ್ತಡವು ಏರಿದ ಮಾತ್ರಕ್ಕೆ ಹೊಸ ನೀರು ಬಂದು ಸೇರಿತೆಂದು ತಿಳಿಯಬಾರದು. ಸೋರುವುದು ನಿಂತುದರಿಂದ, ಇದ್ದ ನೀರಿನ ಬಲವೇ ಬಾವಿಗಳಿಗೆ ಮರಳಿ ದೊರಕಿತು. ಮೂಲಧನವನ್ನು ಬೆಳೆಸುವುದು ಮನುಷ್ಯನ ಕೈಯಲ್ಲಿಲ್ಲದಿದ್ದರೂ ಪೋಲು ಮಾಡದಿರುವುದು ಅವನ ಕೈಯಲ್ಲಿದೆ.

ಕರ್ನಾಟಕದ ಬಾವಿಗಳಿಗೆ ಅನ್ವಯ

ಕರ್ನಾಟಕದ ಬಹುಭಾಗದಲ್ಲಿ ನೆಲದಡಿಯಲ್ಲಿರುವುದು ಕಣಶಿಲೆ ಮೊದಲಾದ ಗಟ್ಟಿಬಂಡೆ. ಉತ್ತರದಲ್ಲಿ ಕಪ್ಪು ಬೆಸಾಲ್ಟ್ ಬಂಡೆ. ನೂಬಿಯದಂಥ ನೂರಾರು ಮೀಟರು ದಪ್ಪದ ನೀರುತುಂಬಿದ ಮರಳುಗಲ್ಲಿನ ಪದರವು ಇಂಥ ಸೀಮೆಯಲ್ಲಿ ಇರುವುದಿಲ್ಲ. ಇಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿಯೂ, ಬಂಡೆಯ ಬಿರುಕುಗಳಲ್ಲಿಯೂ. ಸಾಮಾನ್ಯವಾಗಿ ಆಳಕ್ಕೆ ಹೋದಂತೆಲ್ಲ ಬಿರುಕುಗಳು ವಿರಳವಾಗುತ್ತ ಬರುವುವು. ಆದಕಾರಣ ಆಳದಲ್ಲಿ ಎಂದಿಗೂ ಬತ್ತದ ಸಮುದ್ರವೊಂದಿದೆಯೆಂದು ನಂಬಿ ಸಾಲಮಾಡಿ ಕೊರೆಯಿಸುತ್ತ ಹೋಗುವುದು ಯುಕ್ತವಲ್ಲ. ಆಳದಿಂದ ಬಂದ ಮಾತ್ರಕ್ಕೆ ನೀರು ಹಳೆಯದೆಂದಾಗಲಿ, ಹೇರಳವೆಂದಾಗಲಿ ನಿರ್ಣಯಿಸುವುದಕ್ಕೂ ಆಧಾರವಿಲ್ಲ.

ಊರಿನ ಬಾವಿಗಳಿಗೆಲ್ಲ ಕ್ರಿಪ್ಟಾನಿನ ಪರೀಕ್ಷೆಯನ್ನು ಮಾಡಿಸುವ ಆವಶ್ಯಕತೆಯಿಲ್ಲ. ಆದರೆ ಆ ಪರೀಕ್ಷೆಯು ಕೇಳುವ ಪ್ರಶ್ನೆಯನ್ನು ಪ್ರತಿಯೊಂದು ಗ್ರಾಮದಲ್ಲಿಯೂ ಕೇಳಬಹುದು. ತೆಗೆದ ನೀರು ತುಂಬಿಬರುತ್ತಿದೆಯೇ ಎಂಬುದೇ ಆ ಪ್ರಶ್ನೆ. ಇದಕ್ಕೆ ಒಂದು ಹಗ್ಗ, ಒಂದು ಗುಂಡು, ಒಂದು ಲೆಕ್ಕದ ಪುಸ್ತಕ ಇವಿಷ್ಟೇ ಸಾಕು. ಗ್ರಾಮದ ಮುಖ್ಯಸ್ಥರು ಊರಿನ ನಾಲ್ಕು ದಿಕ್ಕುಗಳಲ್ಲಿ ಒಂದೊಂದು ಬಾವಿಯನ್ನು ಗೊತ್ತುಮಾಡಿ, ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಂದು ಸಾರಿಯೂ, ಮಳೆಗಾಲ ಮುಗಿದ ಮೇಲೆ ನವೆಂಬರ್ ತಿಂಗಳಲ್ಲಿ ಒಂದು ಸಾರಿಯೂ, ರಾತ್ರಿಯೆಲ್ಲ ನೀರೆತ್ತದೆ ಬಿಟ್ಟು ಬೆಳಗ್ಗೆ ನೀರಿನ ಮಟ್ಟವನ್ನು ಅಳೆದು ಬರೆದಿಡತಕ್ಕದ್ದು. ಆ ವರ್ಷದ ಮಳೆಯ ಪ್ರಮಾಣವನ್ನೂ ಪಕ್ಕದಲ್ಲಿ ಗುರುತುಮಾಡಿಕೊಳ್ಳುವುದು ಒಳ್ಳೆಯದು. ನಾಲ್ಕೈದು ವರ್ಷಗಳ ಲೆಕ್ಕವನ್ನು ಒಟ್ಟಿಗೆ ನೋಡಿದಾಗ, ಒಳ್ಳೆಯ ಮಳೆಯಾದ ವರ್ಷದಲ್ಲಿಯೂ ನವೆಂಬರ್ ತಿಂಗಳ ಮಟ್ಟವು ಹಿಂ‌ದಿನ ಮಟ್ಟಕ್ಕೆ ಏರದೆ ಇದ್ದರೆ, ಊರು ಹುಟ್ಟುವಳಿಯನ್ನು ಮೀರಿ ಮೂಲಧನಕ್ಕೆ ಕೈಹಾಕಿದೆಯೆಂದು ನಿಶ್ಚಯಿಸಬಹುದು. ಆಗ ಹೊಸ ಬಾವಿಯನ್ನು ಕೊರೆಯಿಸುವ ಯೋಚನೆಗಿಂತ ಮೊದಲು ಕೆರೆಯ ಹೂಳನ್ನು ತೆಗೆಯಿಸುವುದು, ಹೊಲಗಳಿಗೆ ಬದುಗಳನ್ನು ಹಾಕಿಸುವುದು, ಹೆಚ್ಚು ನೀರು ಬೇಡುವ ಬೆಳೆಯ ವಿಸ್ತೀರ್ಣವನ್ನು ತಗ್ಗಿಸುವುದು ಇವುಗಳನ್ನು ಊರಿನವರು ಕೂಡಿ ಗೊತ್ತುಮಾಡುವುದು ಲೇಸು.

ಬಹರಿಯಾದ ರೈತನಿಗೆ ಮಳೆಯೆಂಬ ಆಶ್ರಯವಿಲ್ಲ. ಅವನ ಬಾವಿಯನ್ನು ತುಂಬಬೇಕಾದ ಮೋಡಗಳು ಹಿಂದಿನ ಯುಗಗಳಲ್ಲಿಯೇ ನಿಂತುಹೋದುವು. ಕರ್ನಾಟಕದ ಒಕ್ಕಲಿಗನಿಗೆ ಹೆಚ್ಚಾಗಿಯೋ ಕಡಮೆಯಾಗಿಯೋ ಮಳೆಯು ವರ್ಷಕ್ಕೊಮ್ಮೆ ಬರುತ್ತಲೇ ಇದೆ. ಅದು ನೆಲಕ್ಕೆ ಇಳಿದಷ್ಟನ್ನು ಲೆಕ್ಕವಿಟ್ಟು ಬಳಸುವ ಊರಿನಲ್ಲಿ ಬಾವಿಗಳು ಮುಂದಿನ ತಲೆಮಾರಿಗೂ ಒದಗುವುವು.